ಹನ್ನೆರಡು ಮಂದಿ ನೆರೆಯವರು

ನಮ್ಮ ದೊಡ್ಡಪ್ಪ ತೀರ್ಥಹಳ್ಳಿಯಲ್ಲಿ ವಕೀಲರಾಗಿದ್ದರು. ಮಳೆಗಾಲದಲ್ಲಿ ಕೋರ್ಟಿನಿಂದ ಮನೆಗೆ ಬಂದರೆಂದರೆ ಬಚ್ಚಲ ಒಲೆಯ ಮುಂದೆಯೇ ಅವರ ಕಚೇರಿ. ಹಂಡೆಯಡಿ ಕುಂಟೆ ಉರಿಯುತ್ತಿರುತ್ತಿತ್ತು, ಕೆಂಡದಲ್ಲಿ ಹಲಸಿನ ಬೀಜ ಹೂತಿರುತ್ತಿದ್ದವು. ಬಂದ ಕಕ್ಷಿದಾರರೂ ಒಂದು ಮಣೆ ಎಳೆದುಕೊಂಡು ಅಲ್ಲಿಯೇ ಕೂರುತ್ತಿದ್ದರು. ಆಷಾಢದ ಒಂದು ಸಂಜೆ ಪಕ್ಕದೂರಿನ ಮುದುಕರೊಬ್ಬರು ಕಂಬಳಿಕೊಪ್ಪೆ ಕಳಚಿ ಬೆಂಕಿಯ ಹತ್ತಿರ ಕೂತರು. ಅವರ ತೋಟದ ಮಗ್ಗುಲಿಗೆ ದೊಡ್ಡ ಜಮೀನುದಾರರೊಬ್ಬರ ತೋಟ. ಆ ಜಮೀನುದಾರರು ರಾತ್ರೋರಾತ್ರಿ ಬೇಲಿ ಕಿತ್ತು ಇವರ ಅಡಿಕೆ ಮರಗಳ ಆಚೆಗೆ ಹಾಕಿಸಿಕೊಂಡಿದ್ದರು.

“ಕೇಳೋಕೆ ಹೋದ್ರೆ ಕಾಗದ ತೋರ್ಸು ಅಂತಾರೆ ವಕೀಲ್ರೇ. ಪಾಲಾದಾಗ ಬಾಯಿಮಾತಲ್ಲೇ ಆಗಿದ್ದು. ಕಾಗದ ಎಲ್ಲಿಂದ ತರ್ಲಿ?”

“ಕಾಗದದ ಮಾತು ಆಮೇಲೆ,” ಅಂದರು ದೊಡ್ಡಪ್ಪ. “ಈ ಮಳೆಗಾಲಕ್ಕೆ ಆ ಮರಗಳಿಗೆ ಔಷಧಿ ಹೊಡೆಸಿದ್ದು ಯಾರು? ಹೋದ ಸಲ ಕೊನೆ ಕೊಯ್ಸಿದ್ದು ಯಾರು?”

“ನಾನೇ.”

“ಕಂಡವರು ಇದಾರಾ?”

“ಊರಿಗೆ ಊರೇ ಕಂಡಿದೆ.”

“ಹಾಗಾದ್ರೆ ಸಾಕು ಮಾರಾಯ. ಈ ಒಂದು ಪ್ರಶ್ನೆ ಹಿಡ್ಕೊಂಡು ಇಂಗ್ಲೆಂಡಿನ ರಾಜ ಒಬ್ಬ ತನ್ನ ಸಾಮಂತರ ಸೊಕ್ಕು ಮುರಿದಿದಾನೆ. ಎಂಟುನೂರು ವರ್ಷದ ಹಿಂದಿನ ಮಾತು. ಕೂತ್ಕೊ, ಮಳೆ ಬಿಡೋವರೆಗೆ ಹೇಳ್ತೀನಿ.”

ಅಂದು ಅವರು ಹೇಳಿದ್ದು ಮತ್ತು ಮುಂದೆ ನಾನು ಓದಿ ತಿಳಿದದ್ದು ಎರಡೂ ಈಗ ನನ್ನಲ್ಲಿ ಬೆರೆತುಹೋಗಿವೆ. ಬೆರೆಸಿಯೇ ಹೇಳುತ್ತೇನೆ.

ಕಥೆ ಒಂದು ಹಡಗಿನಿಂದ ಶುರುವಾಗುತ್ತದೆ. 1120ರ ನವೆಂಬರ್ 25ರ ರಾತ್ರಿ ನಾರ್ಮಂಡಿಯ ಬಾರ್ಫ್ಲರ್ ಬಂದರಿನಿಂದ ಹೊರಟ ‘ಬಿಳಿ ಹಡಗು’ ಬಂಡೆಗೆ ಬಡಿದು ಮುಳುಗಿತು. ಸುಮಾರು ಮುನ್ನೂರು ಜನರಲ್ಲಿ ಜೀವಸಹಿತ ಉಳಿದವನು ರೂಆನ್ ಪಟ್ಟಣದ ಒಬ್ಬ ಕಟುಕ. ಮುಳುಗಿದವರಲ್ಲಿ ಇಂಗ್ಲೆಂಡಿನ ಅರಸ ಒಂದನೇ ಹೆನ್ರಿಯ ಮಗ, ಪಟ್ಟಕ್ಕೆ ಬರಬೇಕಿದ್ದ ವಿಲಿಯಂ ಇದ್ದ. ಇನ್ನುಳಿದದ್ದು ಮಗಳು ಮಟಿಲ್ಡಾ. ತನ್ನ ನಂತರ ಅವಳೇ ರಾಣಿ ಎಂದು ಅರಸ ತನ್ನ ಸಾಮಂತರಿಂದ ಆಣೆ ಮಾಡಿಸಿಕೊಂಡ. ಎಲ್ಲರೂ ಆಣೆ ಮಾಡಿದರು.

1135ರ ಡಿಸೆಂಬರ್‌ನಲ್ಲಿ ಅರಸ ಸತ್ತ. ಇಂಗ್ಲೆಂಡಿನ ಪೂರ್ವ ತೀರದ ಹ್ಯೂ ಬೈಗಾಡ್ ಎಂಬ ಸಾಮಂತ ಆರ್ಚ್‌ಬಿಷಪ್ ಎದುರು ನಿಂತು ಇನ್ನೊಂದು ಆಣೆ ಮಾಡಿದ: ಸಾಯುವ ಗಳಿಗೆಯಲ್ಲಿ ಅರಸ ಮನಸ್ಸು ಬದಲಿಸಿದ, ಮಗಳಿಗೆ ಕೊಟ್ಟ ಮಾತಿನಿಂದ ನಮ್ಮನ್ನು ಬಿಡಿಸಿದ, ನಾನೇ ಕಂಡಿದ್ದೇನೆ. ಆ ಒಂದು ಮಾತಿನ ಬಲದಿಂದ ಸತ್ತ ಅರಸನ ಸೋದರಳಿಯ ಸ್ಟೀಫನ್ ಡಿಸೆಂಬರ್ ಮುಗಿಯುವುದರೊಳಗೆ ಕಿರೀಟ ಧರಿಸಿದ. ಹ್ಯೂ ಬೈಗಾಡನ ಹೆಸರು ನೆನಪಿಟ್ಟುಕೊಳ್ಳಿ. ನಲವತ್ತು ವರ್ಷಗಳ ಈ ಕಥೆಯ ಉದ್ದಕ್ಕೂ ಅವನು ಬರುತ್ತಾನೆ. ತಾನೇ ಪಟ್ಟಕ್ಕೆ ತಂದ ಸ್ಟೀಫನ್ ಸತ್ತನೆಂಬ ಗಾಳಿಸುದ್ದಿ ಮರುವರ್ಷ ಹಬ್ಬಿದಾಗ, ಮೊದಲು ಓಡಿಹೋಗಿ ಅರಸನ ನಾರ್ವಿಚ್ ಕೋಟೆಯನ್ನು ಹಿಡಿದುಕೊಂಡವನೂ ಅವನೇ.

ಮಟಿಲ್ಡಾ ಸುಮ್ಮನಿರಲಿಲ್ಲ. 1139ರಲ್ಲಿ ಅವಳು ಇಂಗ್ಲೆಂಡಿಗೆ ಬಂದಿಳಿದಳು. ಮುಂದೆ ಹದಿನಾಲ್ಕು ವರ್ಷ ಎರಡು ಸಿಂಹಾಸನಗಳ ನಡುವೆ ನಾಡು ಹರಿದು ಹಂಚಿಹೋಯಿತು. ಸಾಮಂತನಿಗೆ ಇದಕ್ಕಿಂತ ಒಳ್ಳೆಯ ಕಾಲ ಯಾವುದು? ಇವತ್ತು ಸ್ಟೀಫನ್‌ನಿಂದ ಒಂದು ಪದವಿ, ನಾಳೆ ಮಟಿಲ್ಡಾಳಿಂದ ಒಂದು ಜಹಗೀರು. ಅಪ್ಪಣೆಯಿಲ್ಲದೆ ದಿಬ್ಬದಿಬ್ಬದ ಮೇಲೂ ಮರದ ಕೋಟೆಗಳೆದ್ದವು. ಕೆಲವರು ತಮ್ಮದೇ ನಾಣ್ಯ ಟಂಕಿಸಿದರು. ಎಸೆಕ್ಸ್‌ನ ಅರ್ಲ್ (ಅಂದರೆ ಒಂದು ಸೀಮೆಯ ಹಿರಿಯ ಸಾಮಂತ) ಜೆಫ್ರಿ ಡಿ ಮ್ಯಾಂಡೆವಿಲ್ 1143ರಲ್ಲಿ ರಾಮ್ಸೆಯ ಮಠದಿಂದ ಸನ್ಯಾಸಿಗಳನ್ನು ಓಡಿಸಿ ಅದನ್ನೇ ಕೋಟೆ ಮಾಡಿಕೊಂಡ. ಚರ್ಚು ಅವನಿಗೆ ಬಹಿಷ್ಕಾರ ಹಾಕಿದ್ದರಿಂದ, ಸತ್ತ ಮೇಲೆ ಅವನ ಹೆಣವನ್ನು ಎಷ್ಟೋ ವರ್ಷ ಮಣ್ಣು ಮಾಡಲಾಗಲಿಲ್ಲ. ಪೀಟರ್‌ಬರೋ ಮಠದ ಒಬ್ಬ ಸನ್ಯಾಸಿ ಆ ದಿನಗಳನ್ನು ಬರೆದಿಟ್ಟಿದ್ದಾನೆ. ಬಿಟ್ಟಿ ದುಡಿಸಿ ಕಟ್ಟಿಸಿದ ಕೋಟೆಗಳು, ಇದ್ದಬದ್ದ ಕಾಸು ಕಕ್ಕಿಸಲು ರೈತರನ್ನು ನೆಲಮಾಳಿಗೆಗೆ ತಳ್ಳಿ ಕೊಟ್ಟ ಹಿಂಸೆಗಳು. ಓದಿದರೆ ಊಟ ಸೇರುವುದಿಲ್ಲ.

ಆ ಕಾಲದ ಒಂದು ಒಪ್ಪಂದ ಇವತ್ತಿಗೂ ಉಳಿದಿದೆ. ಚೆಸ್ಟರ್‌ನ ಅರ್ಲ್ ಮತ್ತು ಲೆಸ್ಟರ್‌ನ ಅರ್ಲ್ ತಮ್ಮತಮ್ಮಲ್ಲೇ ಕರಾರು ಬರೆದುಕೊಂಡರು. ನಮ್ಮ ನಮ್ಮ ಒಡೆಯರು ಒಬ್ಬರ ಮೇಲೊಬ್ಬರು ಏರಿಹೋಗಿ ಎಂದು ಒತ್ತಾಯ ಮಾಡಿದರೆ ಇಪ್ಪತ್ತು ಜನ ಕುದುರೆಯೋಧ ನೈಟ್‌ಗಳಿಗಿಂತ ಹೆಚ್ಚು ತರುವಂತಿಲ್ಲ, ಹಿಡಿದ ಸೊತ್ತನ್ನು ಆಮೇಲೆ ಹಿಂದಿರುಗಿಸಬೇಕು. ಇದನ್ನು ಹೇಳುವಾಗ ದೊಡ್ಡಪ್ಪ ಕೊಳ್ಳಿಯನ್ನು ಒಳಗೆ ನೂಕಿ ಸುಮ್ಮನಾದರು. ಆಮೇಲೆ ಹೇಳಿದರು: “ಅರಸ ಅನ್ನೋನಿಗೆ ಆ ಕರಾರಿನಲ್ಲಿ ಹೆಸರೂ ಇಲ್ಲ, ನೋಡು. ಇಬ್ಬರು ಗೌಡ್ರು ಸೇರಿ ದೇಶದ ಯುದ್ಧಕ್ಕೆ ಅಳತೆ ಹಾಕ್ಕೊಂಡ್ರು. ಅಲ್ಲಿಗೆ ಬಂದು ಮುಟ್ಟಿತ್ತು ರಾಜನ ಮರ್ಯಾದೆ.”

ಮಟಿಲ್ಡಾಳ ಮಗ ಹೆನ್ರಿ. 1133ರಲ್ಲಿ ಲ ಮಾನ್ಸ್‌ನಲ್ಲಿ ಹುಟ್ಟಿದವನು. ಹದಿನಾಲ್ಕರ ಪ್ರಾಯದಲ್ಲಿ ಒಂದಿಷ್ಟು ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಇಂಗ್ಲೆಂಡಿಗೆ ನುಗ್ಗಿದ. ಅವರಿಗೆ ಸಂಬಳ ಕೊಡಲು ಕಾಸಿಲ್ಲದೆ ಸಿಕ್ಕಿಬಿದ್ದಾಗ, ಯಾರ ವಿರುದ್ಧ ಬಂದಿದ್ದನೋ ಆ ಸ್ಟೀಫನ್ನೇ ದುಡ್ಡು ಕೊಟ್ಟು ಮನೆಗೆ ಕಳಿಸಿದ. ಸ್ಟೀಫನ್ ಕೆಟ್ಟ ಮನುಷ್ಯನಲ್ಲ ಎಂದೇ ನನ್ನ ಎಣಿಕೆ. ಒಡೆಯನಾಗುವ ಗಟ್ಟಿತನ ಅವನಲ್ಲಿರಲಿಲ್ಲ, ಅಷ್ಟೆ. 1153ರಲ್ಲಿ ತನ್ನ ಮಗ ಯೂಸ್ಟೇಸ್ ಸತ್ತ ಮೇಲೆ ಅವನು ಹೆನ್ರಿಯನ್ನೇ ವಾರಸುದಾರನೆಂದು ಒಪ್ಪಿದ. ಮರುವರ್ಷ ಅಕ್ಟೋಬರ್‌ನಲ್ಲಿ ಸ್ಟೀಫನ್ ತೀರಿಕೊಂಡ. 1154ರ ಡಿಸೆಂಬರ್ 19ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಎರಡನೇ ಹೆನ್ರಿಯ ತಲೆಗೆ ಕಿರೀಟ ಬಂತು. ಇಪ್ಪತ್ತೊಂದು ವರ್ಷದ ಹುಡುಗ. ಜೊತೆಗೆ ಅಕ್ವಿಟೇನಿನ ಒಡತಿ ಎಲೆನೋರ್ ಹೆಂಡತಿ.

ಮೊದಲ ಕ್ರಿಸ್‌ಮಸ್ಸಿಗೇ ಬರ್ಮಂಡ್ಸಿಯಲ್ಲಿ ಸಭೆ ಸೇರಿಸಿದ. ಫ್ಲಾಂಡರ್ಸ್‌ನಿಂದ ಬಂದ ಬಾಡಿಗೆ ಸೈನಿಕರು ದೇಶ ಬಿಡಬೇಕು, ಅಪ್ಪಣೆಯಿಲ್ಲದೆ ಎದ್ದ ಕೋಟೆಗಳು ಬೀಳಬೇಕು, ಅರಸನಿಂದ ಕಬಳಿಸಿದ ಕೋಟೆಗಳು ಅರಸನಿಗೆ ಮರಳಬೇಕು. ಇಲ್ಲಿ ಅವನ ಜಾಣತನ ಗಮನಿಸಬೇಕು. ಸ್ಟೀಫನ್ನನ ಕಡೆಯವರು, ತನ್ನ ತಾಯಿಯ ಕಡೆಯವರು ಎಂಬ ಭೇದವನ್ನು ಅವನು ಮಾಡಲಿಲ್ಲ. ತಾಯಿಗಾಗಿ ಹೋರಾಡಿದ್ದ ಹೆರೆಫರ್ಡ್‌ನ ಅರ್ಲ್ ರೋಜರ್ ಕೂಡ ಗ್ಲಾಸ್ಟರ್ ಮತ್ತು ಹೆರೆಫರ್ಡ್ ಕೋಟೆಗಳನ್ನು ಬಿಟ್ಟುಕೊಡಬೇಕಾಯಿತು. ಉತ್ತರದಲ್ಲಿ ಅರಸನಂತೆಯೇ ಮೆರೆಯುತ್ತಿದ್ದ ಒಮಾಲ್‌ನ ವಿಲಿಯಂ ತಾನು ಕಟ್ಟಿಸಿದ ಸ್ಕಾರ್ಬರೊ ಕೋಟೆಯ ಬೀಗದಕೈ ಕೊಟ್ಟ. ವೇಲ್ಸ್ ಗಡಿಯ ಹ್ಯೂ ಮಾರ್ಟಿಮರ್ ಮಾತ್ರ ಸೆಡ್ಡು ಹೊಡೆದ. ಹೆನ್ರಿ ಅವನ ಮೂರು ಕೋಟೆಗಳಿಗೆ ಒಟ್ಟಿಗೆ ಮುತ್ತಿಗೆ ಹಾಕಿದ, 1155ರ ಜುಲೈನಲ್ಲಿ ಮಾರ್ಟಿಮರ್ ಶರಣಾದ. ಸ್ಟೀಫನ್ನನ ತಮ್ಮ, ವಿಂಚೆಸ್ಟರ್‌ನ ಬಿಷಪ್, ಅಪ್ಪಣೆ ಕೇಳದೆ ಕ್ಲೂನಿ ಮಠಕ್ಕೆ ಹೊರಟುಹೋದ; ಅವನು ಅತ್ತ ಹೋಗುತ್ತಲೇ ಇತ್ತ ಅವನ ಕೋಟೆಗಳು ಬಿದ್ದವು.

ಹ್ಯೂ ಬೈಗಾಡ್ ಇಷ್ಟರಲ್ಲಿ ನಾರ್ಫೋಕ್‌ನ ಅರ್ಲ್ ಆಗಿದ್ದ. ಅವನ ಸರದಿ 1157ರಲ್ಲಿ ಬಂತು. ಫ್ರಾಮ್ಲಿಂಗಂ, ಬಂಗೆ ಕೋಟೆಗಳು ಅರಸನ ಕೈಸೇರಿದವು. 1165ರಲ್ಲಿ ಅವೆರಡನ್ನು ಹೆನ್ರಿ ಹಿಂದಿರುಗಿಸಿದ, ಆದರೆ 1,000 ಪೌಂಡ್ ದಂಡ ಬರೆಸಿಕೊಂಡ. ಅದೇ ವರ್ಷ ಬೈಗಾಡನ ಸೀಮೆಯ ಅಂಚಿನಲ್ಲಿ, ಕಡಲ ತೀರದ ಆರ್ಫರ್ಡ್‌ನಲ್ಲಿ ಅರಸನ ಹೊಸ ಕಲ್ಲಿನ ಕೋಟೆಗೆ ಪಾಯ ಬಿತ್ತು. ಎಂಟು ವರ್ಷದ ಕೆಲಸ, ಸುಮಾರು 1,400 ಪೌಂಡ್ ಖರ್ಚು. ಬೈಗಾಡ್ ಕಟ್ಟಬೇಕಿದ್ದ ದಂಡವನ್ನೂ ಈ ಖರ್ಚನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅರಸನ ಲೆಕ್ಕಾಚಾರ ಅರ್ಥವಾಗುತ್ತದೆ.

“ಕೋಟೆ ಕೆಡವಿದ ಮೇಲೆ ಮುಗೀತಲ್ಲ ದೊಡ್ಡಪ್ಪ?” ಎಂದು ನಮ್ಮಲ್ಲೊಬ್ಬ ಕೇಳಿದ.

“ಕೋಟೆ ಮತ್ತೆ ಕಟ್ಟಬಹುದು ಮಗಾ. ಕಟ್ಟೋ ತಾಕತ್ತು ಎಲ್ಲಿಂದ ಬರುತ್ತೆ ಅಂತ ಹುಡುಕಿದ ಅವನು.”

ಆ ತಾಕತ್ತು ಎರಡು ಕಡೆಯಿಂದ ಬರುತ್ತಿತ್ತು. ಒಂದು, ಕತ್ತಿ ಹಿಡಿದ ನೈಟ್‌ಗಳು ಸಾಮಂತನ ಆಳುಗಳಾಗಿದ್ದರು. ಅರಸನಿಂದ ಭೂಮಿ ಪಡೆದ ಸಾಮಂತ ಅದನ್ನು ತುಂಡುಮಾಡಿ ನೈಟ್‌ಗಳಿಗೆ ಹಂಚುತ್ತಿದ್ದ. ಯುದ್ಧ ಬಂದಾಗ ಅವರನ್ನು ಕರೆದುಕೊಂಡು ನಲವತ್ತು ದಿನ ಅರಸನ ಸೇವೆ ಮಾಡಬೇಕು. ಅಂದರೆ ಅರಸನ ಸೈನ್ಯವೆಲ್ಲ ಸಾಮಂತರ ಮನೆಯಿಂದ ಬರುವ ಸೈನ್ಯ. ನಮ್ಮ ವಿಜಯನಗರದ ಅಮರನಾಯಕರ ವ್ಯವಸ್ಥೆ ಗೊತ್ತಿದ್ದವರಿಗೆ ಇದರ ಅಪಾಯವನ್ನು ಬಿಡಿಸಿ ಹೇಳಬೇಕಿಲ್ಲ. ಎರಡು, ನ್ಯಾಯದ ಕಟ್ಟೆ. ಭೂಮಿಯ ಜಗಳ ಬಂದರೆ ಒಕ್ಕಲು ಹೋಗಬೇಕಾದದ್ದು ಆ ಸಾಮಂತನದೇ ಕೋರ್ಟಿಗೆ.

ಮೊದಲನೆಯದಕ್ಕೆ ಹೆನ್ರಿ ಹಣದ ದಾರಿ ಹಿಡಿದ. 1159ರಲ್ಲಿ ತುಲೂಸ್ ಮೇಲೆ ದಂಡೆತ್ತಿ ಹೋಗುವಾಗ ಜನ ಬೇಡ, ದುಡ್ಡು ಕೊಡಿ ಎಂದ. ಒಬ್ಬ ನೈಟ್‌ಗೆ ಬದಲು ಎರಡು ಮಾರ್ಕ್. ಗುರಾಣಿಯ ಹೆಸರಿನಲ್ಲಿ ಎತ್ತುವ ಈ ತೆರಿಗೆ ಅವನ ಅಜ್ಜನ ಕಾಲದಿಂದಲೂ ಇತ್ತು. ಇವನು ಅದನ್ನು ಬಿಗಿಯಾಗಿ ಹಿಡಿದ. ಆ ದುಡ್ಡಿನಿಂದ ನಲವತ್ತು ದಿನಕ್ಕೆ ಮನೆಯ ದಾರಿ ನೋಡದ ಬಾಡಿಗೆ ಸೈನಿಕರು ಸಿಕ್ಕರು. 1166ರಲ್ಲಿ ಇನ್ನೊಂದು ಹೆಜ್ಜೆ ಇಟ್ಟ. ದೇಶದ ಪ್ರತಿ ಸಾಮಂತನೂ ಮೊಹರು ಹಾಕಿದ ಪತ್ರದಲ್ಲಿ ಉತ್ತರ ಕೊಡಬೇಕು: ನನ್ನ ಅಜ್ಜ ಸತ್ತ ದಿನ ನಿನ್ನ ಭೂಮಿಯಲ್ಲಿ ಎಷ್ಟು ನೈಟ್‌ಗಳಿದ್ದರು? ಆಮೇಲೆ ಎಷ್ಟು ಜನರನ್ನು ಸೇರಿಸಿದೆ? ಅವರ ಹೆಸರೇನು? ನನಗೆ ಇನ್ನೂ ನಿಷ್ಠೆಯ ಪ್ರಮಾಣ ಮಾಡದವರು ಯಾರಾದರೂ ಇದ್ದರೆ ಬಂದು ಮಾಡಲಿ. ಸಾಮಂತರು ಲೆಕ್ಕ ಕೊಟ್ಟರು. ಕೊಟ್ಟ ಮೇಲೆ ಗೊತ್ತಾಯಿತು, ಹೆಚ್ಚಿಗೆ ತೋರಿಸಿದ ತಲೆಗಳಿಗೂ ಇನ್ನು ಮುಂದೆ ತೆರಿಗೆ ಬೀಳುತ್ತದೆ ಎಂದು. ಅದಕ್ಕಿಂತ ದೊಡ್ಡ ಸಂಗತಿ, ಅರಸನಿಗೆ ತನ್ನ ಸಾಮಂತನ ಆಳುಗಳ ಹೆಸರು ಗೊತ್ತಾಯಿತು.

ಈ ದುಡ್ಡೆಲ್ಲ ಬಂದು ಸೇರುವ ಜಾಗವನ್ನು ಎಕ್ಸ್‌ಚೆಕರ್ ಎನ್ನುತ್ತಿದ್ದರು. ಅಲ್ಲಿಯ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಗುರುಶಿಷ್ಯರ ಸಂಭಾಷಣೆಯ ರೂಪದಲ್ಲಿ ಒಂದು ಪುಸ್ತಕ ಬರೆದಿದ್ದಾನೆ, ಆದ್ದರಿಂದ ಆ ಕೋಣೆಯ ಒಳಗನ್ನು ನಾವು ಕಣ್ಣಾರೆ ಕಂಡಂತೆ ಕಾಣಬಹುದು. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಮೇಲೆ ಚೌಕುಳಿ ಗೆರೆಯ ಕಪ್ಪು ಬಟ್ಟೆ. ಒಂದು ಸಾಲು ಪೆನ್ನಿಗೆ, ಒಂದು ಶಿಲ್ಲಿಂಗಿಗೆ, ಒಂದು ಪೌಂಡಿಗೆ, ಹೀಗೆ ಸಾವಿರದವರೆಗೆ. ಆಚೆ ಬದಿಗೆ ಜಿಲ್ಲೆಯಲ್ಲಿ ಅರಸನ ಅಧಿಕಾರಿಯಾದ ಶೆರೀಫ್, ಈಚೆಗೆ ಖಜಾಂಚಿ. ಕೊಡಬೇಕಾದ್ದನ್ನು ಬಿಲ್ಲೆಗಳಲ್ಲಿ ಹರವಿ, ಕೊಟ್ಟದ್ದನ್ನು ಅದರಡಿ ಹರವಿ, ಕಳೆದು ನೋಡುತ್ತಿದ್ದರು. ಶೂನ್ಯ ಬರೆಯಲು ಬಾರದ ರೋಮನ್ ಅಂಕಿಗಳ ಕಾಲ ಅದು. ಓದುಬರಹ ಬಾರದ ಶೆರೀಫನಿಗೂ ತನ್ನ ಬಾಕಿ ಕಣ್ಣಿಗೆ ಕಾಣುತ್ತಿತ್ತು. ರಶೀದಿ ಹೇಝಲ್ ಮರದ ಕಡ್ಡಿಯದು. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು. ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಸೀಳು ಕೊಟ್ಟವನಿಗೆ, ಇನ್ನೊಂದು ಖಜಾನೆಗೆ. ಮುಂದಿನ ಸಲ ಎರಡನ್ನೂ ಜೋಡಿಸಿದರೆ ಕಚ್ಚು ಕೂಡಬೇಕು. ಈ ಕಡ್ಡಿಗಳು ಎಷ್ಟು ಕಾಲ ಬಾಳಿದವೆಂದರೆ, 1834ರಲ್ಲಿ ಹಳೆಯ ಕಡ್ಡಿಗಳ ರಾಶಿಯನ್ನು ಸುಡಲು ಹೋಗಿ ಬ್ರಿಟಿಷ್ ಪಾರ್ಲಿಮೆಂಟ್ ಕಟ್ಟಡವೇ ಹೊತ್ತಿ ಉರಿಯಿತು. ಚರ್ಮದ ಸುರುಳಿಗಳಲ್ಲಿ ಬರೆದ ವರ್ಷವರ್ಷದ ಲೆಕ್ಕ ಹೆನ್ರಿಯ ಎರಡನೇ ವರ್ಷದಿಂದ ಮುಂದಕ್ಕೆ ಹೆಚ್ಚುಕಡಿಮೆ ಪೂರ್ತಿ ಉಳಿದುಬಂದಿದೆ. ಬೈಗಾಡನ ದಂಡ, ಆರ್ಫರ್ಡ್ ಕೋಟೆಯ ಖರ್ಚು ನಮಗೆ ಗೊತ್ತಿರುವುದು ಆ ಸುರುಳಿಗಳಿಂದ.

ಇನ್ನು ಎರಡನೆಯದು. ದೊಡ್ಡಪ್ಪ ಮಣೆಯನ್ನು ಮುದುಕರ ಕಡೆಗೆ ಸರಿಸಿಕೊಂಡು ಹೇಳಿದ್ದು ಈ ಭಾಗವನ್ನೇ.

1166ರಲ್ಲಿ ಕ್ಲಾರೆಂಡನ್ ಎಂಬ ಬೇಟೆಮನೆಯಲ್ಲಿ ಅರಸ ಒಂದು ಶಾಸನ ಹೊರಡಿಸಿದ. ಪ್ರತಿ ಹೋಬಳಿಯಿಂದ ಹನ್ನೆರಡು ಜನ, ಪ್ರತಿ ಹಳ್ಳಿಯಿಂದ ನಾಲ್ಕು ಜನ ಪ್ರಮಾಣ ಮಾಡಿ, ನಮ್ಮಲ್ಲಿ ಕೊಲೆಗಡುಕರು, ದರೋಡೆಕೋರರು, ಕಳ್ಳರು ಇಂಥಿಂಥವರು ಎಂದು ಅರಸನ ನ್ಯಾಯಾಧೀಶರ ಮುಂದೆ ಹೇಳಬೇಕು. ಅವರನ್ನು ಹಿಡಿಯಲು ಹೋದ ಶೆರೀಫನಿಗೆ ಯಾವ ಕೋಟೆಯ ಬಾಗಿಲೂ ಅಡ್ಡವಾಗಬಾರದು ಎಂದೂ ಅದರಲ್ಲಿ ಬರೆಸಿದ. ಹತ್ತಾರು ವರ್ಷ ಕೋಟೆಯೊಳಗೆ ತಾನೇ ಕಾನೂನಾಗಿದ್ದವನಿಗೆ ಈ ಸಾಲು ಹೇಗೆ ಕೇಳಿಸಿರಬೇಕು!

ಅದೇ ಆಸುಪಾಸಿನ ವರ್ಷಗಳಲ್ಲಿ ಬಂದದ್ದು ದೊಡ್ಡಪ್ಪನ ಆ ಪ್ರಶ್ನೆ. ನಿನ್ನನ್ನು ನಿನ್ನ ಭೂಮಿಯಿಂದ ಯಾರಾದರೂ ಹೊರಗೆ ಹಾಕಿದರೋ? ಅರಸನ ಕಚೇರಿಯಿಂದ ಒಂದು ರಿಟ್ ತೆಗೆದುಕೊ. ಮೊಹರು ಬಿದ್ದ ಒಂದು ಸಣ್ಣ ಚರ್ಮದ ತುಂಡು ಅದು, ಶೆರೀಫನಿಗೆ ಬರೆದ ಆಜ್ಞೆ. ಅವನು ನೆರೆಹೊರೆಯ ಹನ್ನೆರಡು ಜನರನ್ನು ಕರೆದು ಭೂಮಿ ತೋರಿಸಬೇಕು. ಅರಸನ ನ್ಯಾಯಾಧೀಶರು ಊರಿಗೆ ಬಂದಾಗ ಆ ಹನ್ನೆರಡು ಜನ ಉತ್ತರ ಹೇಳಬೇಕಾದದ್ದು ಇಷ್ಟಕ್ಕೆ: ಇವನನ್ನು ಅವನು ನ್ಯಾಯತೀರ್ಮಾನವಿಲ್ಲದೆ, ಅನ್ಯಾಯವಾಗಿ ಸ್ವಾಧೀನ ತಪ್ಪಿಸಿದನೇ, ಇಲ್ಲವೇ? ಮೂಲ ಹಕ್ಕು ಯಾರದ್ದು, ಅಜ್ಜನ ಕಾಲದ ದಾನಪತ್ರ ಎಲ್ಲಿ ಎಂಬ ವಿಚಾರ ಆಮೇಲೆ, ಬೇರೆ ದಾವೆಯಲ್ಲಿ. ಹೊರಹಾಕಿದವನು ಕೋರ್ಟಿಗೆ ಬರದೆ ತಪ್ಪಿಸಿಕೊಂಡರೂ ವಿಚಾರಣೆ ನಿಲ್ಲುವುದಿಲ್ಲ. ಹೌದು ಎಂದರೆ ಭೂಮಿ ವಾಪಸು.

ಹೊರಹಾಕಿದವನು ಎಷ್ಟೋ ಸಲ ಅವನ ಒಡೆಯನೇ ಆಗಿರುತ್ತಿದ್ದ. ಇಷ್ಟು ದಿನ ಆ ಒಡೆಯನ ಕೋರ್ಟಿನಲ್ಲಿ ಆ ಒಡೆಯನ ಮೇಲೆಯೇ ದೂರು ಕೊಡಬೇಕಾಗಿದ್ದವನಿಗೆ ಈಗ ಮೇಲಕ್ಕೆ ಒಂದು ದಾರಿ ತೆರೆಯಿತು. 1176ರಲ್ಲಿ ನಾರ್ತಾಂಪ್ಟನ್ ಶಾಸನ ಇನ್ನೊಂದು ಗಂಟು ಬಿಚ್ಚಿತು. ತಂದೆ ಸತ್ತಾಗ ಸಾಮಂತ ಭೂಮಿಯನ್ನು ಹಿಡಿದುಕೊಂಡು ಮಗನಿಗೆ ಕೊಡದೆ ಸತಾಯಿಸುವುದು ರೂಢಿ. ಈಗ ಮಗ ಹನ್ನೆರಡು ಜನರನ್ನು ಕರೆಸಬಹುದು: ಸತ್ತ ದಿನ ತಂದೆಯ ಸ್ವಾಧೀನದಲ್ಲಿತ್ತೇ? ಇವನು ಹತ್ತಿರದ ವಾರಸುದಾರನೇ? ಎರಡಕ್ಕೂ ಹೌದು ಎಂದರೆ ಮುಗಿಯಿತು. ಹದಿನೆಂಟು ನ್ಯಾಯಾಧೀಶರು, ಆರು ಸುತ್ತು, ಸುತ್ತಿಗೆ ಮೂವರಂತೆ ದೇಶ ಸುತ್ತತೊಡಗಿದರು. 1179ರಲ್ಲಿ, ಮೂಲ ಹಕ್ಕಿನ ದಾವೆಗೂ ಕತ್ತಿಕಾಳಗದ ಬದಲು ಹನ್ನೆರಡು ನೈಟ್‌ಗಳ ತೀರ್ಪು ಕೇಳುವ ಅವಕಾಶ ಬಂತು.

ಇದರಲ್ಲಿ ದೊಡ್ಡ ಕೊರತೆಯೂ ಇತ್ತು, ಅದನ್ನು ಮುಚ್ಚಿಡಬಾರದು. ಈ ರಿಟ್ ಸ್ವತಂತ್ರ ಹಿಡುವಳಿದಾರರಿಗೆ ಮಾತ್ರ. ಒಡೆಯನ ನೆಲಕ್ಕೆ ಕಟ್ಟುಬಿದ್ದಿದ್ದ ಜೀತದ ರೈತರಿಗೆ ಅರಸನ ಕೋರ್ಟಿನ ಬಾಗಿಲು ಮುಚ್ಚಿತ್ತು, ಅವರಾದರೋ ಲಕ್ಷಾಂತರ ಜನ. ಅರಸನೇ ಭೂಮಿ ಕಿತ್ತುಕೊಂಡರೆ ಅವನ ಮೇಲೆಯೂ ರಿಟ್ ನಡೆಯುವುದಿಲ್ಲ. ರಿಟ್ಟಿಗೆ, ದಂಡಕ್ಕೆ, ಪ್ರತಿಯೊಂದಕ್ಕೂ ಕಾಸು. ನ್ಯಾಯ ಖಜಾನೆಗೆ ಒಳ್ಳೆಯ ವರಮಾನ.

ನಮ್ಮ ದೇಶದ ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಮನ್ನು ದೊಡ್ಡಪ್ಪ ಅಂದು ಬಾಯಿಪಾಠವಾಗಿ ಹೇಳಿದರು. ಕಾನೂನು ಕ್ರಮವಿಲ್ಲದೆ ಸ್ಥಿರಾಸ್ತಿಯಿಂದ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಎದುರಿನವನು ತನಗೇ ಹಕ್ಕಿದೆ ಎಂದರೂ ಆ ದಾವೆಯಲ್ಲಿ ಅದು ನಡೆಯುವುದಿಲ್ಲ. ಸರ್ಕಾರದ ವಿರುದ್ಧ ಮಾತ್ರ ಈ ಕಲಮಿನಡಿ ದಾವೆ ಇಲ್ಲ. ಹೆನ್ರಿಯ ಗುಣವೂ ಅವನ ಕೊರತೆಯೂ ಅದರಲ್ಲಿ ಒಟ್ಟಿಗೆ ಕಾಣುತ್ತವೆ. ಮುದುಕರ ದಾವೆಯನ್ನು ದೊಡ್ಡಪ್ಪ ಹೂಡಿದ್ದು ಇದೇ ಕಲಮಿನಡಿ, ಗಡುವು ಮುಗಿಯುವುದಕ್ಕೆ ಬಹಳ ಮೊದಲೇ.

ಸಾಮಂತರು ಇದನ್ನೆಲ್ಲ ನೋಡುತ್ತ ಕೂರಲಿಲ್ಲ. ಅವರಿಗೆ ಬೇಕಿದ್ದ ನೆಪ ಅರಸನ ಮನೆಯೊಳಗಿನಿಂದಲೇ ಸಿಕ್ಕಿತು. 1170ರ ಡಿಸೆಂಬರ್ 29ರಂದು ಅರಸನ ನಾಲ್ವರು ನೈಟ್‌ಗಳು ಕ್ಯಾಂಟರ್ಬರಿಯ ದೇವಾಲಯದೊಳಗೇ, ಅರಸನೊಡನೆ ಜಗಳಕ್ಕೆ ಬಿದ್ದಿದ್ದ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ಕಡಿದರು. ಯುರೋಪಿನ ಕಣ್ಣಿನಲ್ಲಿ ಹೆನ್ರಿ ಸಂತನ ಕೊಲೆಗಾರನಾದ. ಹಿರಿಯ ಮಗನಿಗೆ ತಾನಿರುವಾಗಲೇ ಕಿರೀಟ ತೊಡಿಸಿದ್ದ, ಅಧಿಕಾರವನ್ನು ಮಾತ್ರ ಕೊಟ್ಟಿರಲಿಲ್ಲ. 1173ರಲ್ಲಿ ಆ ಮಗ ಫ್ರಾನ್ಸಿನ ಅರಸನ ಬಳಿಗೆ ಓಡಿಹೋದ. ತಮ್ಮಂದಿರಾದ ರಿಚರ್ಡ್, ಜೆಫ್ರಿ ಹಿಂಬಾಲಿಸಿದರು. ಹೆಂಡತಿ ಎಲೆನೋರ್ ಮಕ್ಕಳ ಪಕ್ಷ. ಸ್ಕಾಟ್ಲೆಂಡಿನ ಅರಸ ವಿಲಿಯಂ ಉತ್ತರದಿಂದ ನುಗ್ಗಿದ. ಲೆಸ್ಟರ್‌ನ ಅರ್ಲ್ ರಾಬರ್ಟ್ ಫ್ಲಾಂಡರ್ಸ್‌ನ ಸೈನಿಕರನ್ನು ತುಂಬಿಕೊಂಡು ಪೂರ್ವ ತೀರಕ್ಕೆ ಬಂದಿಳಿದ. ಅವನನ್ನು ಫ್ರಾಮ್ಲಿಂಗಂ ಕೋಟೆಗೆ ಬರಮಾಡಿಕೊಂಡವನು ಎಂಬತ್ತರ ಆಸುಪಾಸಿನ ಹ್ಯೂ ಬೈಗಾಡ್.

ಇಡೀ ಬಂಡಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಗಳಿಗೆ 1173ರ ಅಕ್ಟೋಬರ್ 17ರದು. ಫಾರ್ನಂ ಎಂಬಲ್ಲಿ ಲೆಸ್ಟರ್‌ನ ಸೈನ್ಯ ನದಿ ದಾಟುವ ಹೊತ್ತಿಗೆ ಅರಸನ ಕಡೆಯವರು ಮೇಲೆರಗಿದರು. ಅರ್ಲ್ ಸೆರೆಯಾದ, ರಕ್ಷಾಕವಚ ತೊಟ್ಟು ಜೊತೆಗಿದ್ದ ಅವನ ಹೆಂಡತಿಯೂ ಸೆರೆಯಾದಳು. ಜೌಗಿನಲ್ಲಿ ದಿಕ್ಕುಗೆಟ್ಟ ಬಾಡಿಗೆ ಸೈನಿಕರನ್ನು ಮುಗಿಸಿದವರು ಕವೆಗೋಲು, ದೊಣ್ಣೆ ಹಿಡಿದ ಸುತ್ತಲಿನ ರೈತರು. ಆ ಸೀಮೆಯ ಒಡೆಯ ಬಂಡಾಯಗಾರರ ಕಡೆಗಿದ್ದ, ಆ ಸೀಮೆಯ ಜನ ಅವನ ಕಡೆಗೆ ನಿಲ್ಲಲಿಲ್ಲ. ಸ್ಟೀಫನ್ನನ ಕಾಲದ ನೆಲಮಾಳಿಗೆಗಳನ್ನು ಕಂಡ ಮುದುಕರು ಅವರ ಮನೆಗಳಲ್ಲಿ ಇನ್ನೂ ಬದುಕಿದ್ದಿರಬೇಕು. ಅರಸನ ಕೋರ್ಟಿನ ರುಚಿ ಕಂಡ ಹಿಡುವಳಿದಾರರೂ, ಸುಂಕದ ಮೇಲೆ ಸುಂಕ ಕೊಡಲು ಮನಸ್ಸಿಲ್ಲದ ಪೇಟೆಯವರೂ ಹೆನ್ರಿಯ ಹಿಂದೆ ನಿಂತರು. ಹಲವು ಶೆರೀಫರು, ಅಧಿಕಾರಿಗಳು ದೊಡ್ಡ ಮನೆತನದವರಲ್ಲ; ಅರಸನಿಂದಲೇ ಮೇಲೆ ಬಂದವರು. ಅವರು ಕದಲಲಿಲ್ಲ.

1174ರ ಬೇಸಿಗೆಯಲ್ಲಿ ಬೈಗಾಡ್ ಮತ್ತೆ ಬಾಡಿಗೆ ಸೈನಿಕರನ್ನು ತರಿಸಿ ನಾರ್ವಿಚ್ ಪಟ್ಟಣವನ್ನು ಸುಟ್ಟ. ಹೆನ್ರಿ ಕಡಲು ದಾಟಿ ಬಂದ. ಬಂದವನು ಸೈನ್ಯದ ಬಳಿಗೆ ಹೋಗದೆ ನೇರ ಕ್ಯಾಂಟರ್ಬರಿಗೆ ಹೋದ. ಜುಲೈ 12ರಂದು ಬರಿಗಾಲಲ್ಲಿ ಊರೊಳಗೆ ನಡೆದು ಬೆಕೆಟ್‌ನ ಸಮಾಧಿಯ ಮುಂದೆ ಬಿದ್ದ. ಬಿಷಪ್ಪರು ಐದೈದು, ಸನ್ಯಾಸಿಗಳು ಮೂರುಮೂರು ಏಟು ಅವನ ಬೆನ್ನಿಗೆ ಹೊಡೆದರು. ರಾತ್ರಿಯಿಡೀ ಉಪವಾಸವಿದ್ದು ನೆಲದ ಮೇಲೆ ಕಳೆದ. ಮರುಬೆಳಗ್ಗೆ, ದೂರದ ಆನಿಕ್ ಕೋಟೆಯ ಬಳಿ ಮಂಜಿನ ಮರೆಯಲ್ಲಿ ಅರಸನ ಕಡೆಯ ಸಣ್ಣ ದಳವೊಂದು ಸ್ಕಾಟ್ಲೆಂಡಿನ ವಿಲಿಯಂನನ್ನು ಹಿಡಿಯಿತು. ಕಾಲುಗಳನ್ನು ಕುದುರೆಯ ಹೊಟ್ಟೆಯಡಿ ಕಟ್ಟಿ ಕರೆದೊಯ್ದರು. ಕೆಲವು ದಿನಗಳ ಮೇಲೆ ಲಂಡನ್ನಿನಲ್ಲಿ ಮಲಗಿದ್ದ ಅರಸನನ್ನು ಎಬ್ಬಿಸಿ ದೂತ ಈ ಸುದ್ದಿ ಹೇಳಿದ. 13ರ ಬೆಳಗು ಎಂದು ಲೆಕ್ಕ ಹಾಕಿದ ಜನ ಸಂತ ಕ್ಷಮಿಸಿದ ಎಂದರು. ಹೆನ್ರಿಯೂ ಹಾಗೆಯೇ ನಂಬಿದ.

ಜುಲೈ 25ರಂದು ಸಫಕ್ ಸೀಮೆಯ ಸೈಲಂ ಎಂಬ ಹಳ್ಳಿಯಲ್ಲಿ ಅರಸ ಬೀಡುಬಿಟ್ಟಿದ್ದ. ಅಲ್ಲಿ ಟೆಂಪ್ಲರ್ ಪಂಥದ ಯೋಧನೊಬ್ಬನ ಕುದುರೆ ಒದ್ದು ಅರಸನ ಕಾಲಿಗೆ ಪೆಟ್ಟಾಗಿತ್ತು. ಆ ಬೀಡಿಗೆ ಹ್ಯೂ ಬೈಗಾಡ್ ನಡೆದು ಬಂದು ಎರಡೂ ಕೋಟೆಗಳನ್ನು ಒಪ್ಪಿಸಿದ. ಸುಳ್ಳು ಆಣೆ ಮಾಡಿ ಒಬ್ಬನಿಗೆ ಕಿರೀಟ ಕೊಡಿಸಿದವನು ಹೀಗೆ ಇನ್ನೊಬ್ಬನ ಮುಂದೆ ತಲೆಬಾಗಿದ. ಹೆನ್ರಿ ಅವನನ್ನು ಕೊಲ್ಲಲಿಲ್ಲ. ಬಂಡಾಯ ಎದ್ದ ಯಾವ ದೊಡ್ಡ ಸಾಮಂತನ ತಲೆಯನ್ನೂ ತೆಗೆಯಲಿಲ್ಲ. ಅರಸನ ಯಂತ್ರಶಿಲ್ಪಿ ಆಲ್ನಾತ್ ಬಡಗಿಗಳನ್ನೂ ಕಲ್ಲುಕುಟಿಗರನ್ನೂ ಕರೆದುಕೊಂಡು ಹೋಗಿ ಫ್ರಾಮ್ಲಿಂಗಂ ಕೋಟೆಯನ್ನು ಕೆಡವಿ ಅಗಳು ಮುಚ್ಚಿದ; ಅವರ ಕೂಲಿಯೂ ಲೆಕ್ಕದ ಸುರುಳಿಯಲ್ಲಿ ದಾಖಲಾಗಿದೆ. ಕೆಡವಿದ ಕೋಟೆಗಳು ನಿಜಕ್ಕೂ ಬಿದ್ದಿವೆಯೇ ಎಂದು ನೋಡಿ ಬರುವ ಕೆಲಸವನ್ನೂ ನಾರ್ತಾಂಪ್ಟನ್ ಶಾಸನ ಅದೇ ಸಂಚಾರಿ ನ್ಯಾಯಾಧೀಶರಿಗೆ ವಹಿಸಿತು. 1177ರ ಹೊತ್ತಿಗೆ ಬೈಗಾಡ್ ಸತ್ತ. ಅವನ ಮಗ ರೋಜರನಿಗೆ ಹೆನ್ರಿ ಬದುಕಿರುವವರೆಗೂ ಅರ್ಲ್ ಪದವಿ ಸಿಗಲಿಲ್ಲ.

ಮಕ್ಕಳ ವಿಷಯದಲ್ಲಿ ಹೆನ್ರಿ ಸೋತ. 1189ರ ಜುಲೈ 6ರಂದು ಷಿನಾನ್ ಕೋಟೆಯಲ್ಲಿ ಅವನು ಪ್ರಾಣಬಿಡುವಾಗ, ತನ್ನ ವಿರುದ್ಧ ಸೇರಿದವರ ಪಟ್ಟಿಯಲ್ಲಿ ಮುದ್ದಿನ ಕಿರಿಮಗ ಜಾನ್‌ನ ಹೆಸರೂ ಇತ್ತು. ಆ ಜಾನ್ ಅರಸನಾದ ಮೇಲೆ ತಂದೆ ಕಟ್ಟಿದ ಯಂತ್ರವನ್ನು ಸಾಮಂತರ ಕುತ್ತಿಗೆ ಹಿಸುಕಲು ಬಳಸಿದ. ಮನಸ್ಸಿಗೆ ಬಂದಂತೆ ದಂಡ, ಮೇಲಿಂದ ಮೇಲೆ ಗುರಾಣಿ ತೆರಿಗೆ, ತೀರ್ಮಾನವಿಲ್ಲದೆ ಭೂಮಿ ಜಪ್ತಿ. ಅರಸನ ಮೇಲೆ ರಿಟ್ ನಡೆಯುವುದಿಲ್ಲ ಎಂಬ ಹಳೆಯ ಕೊರತೆ ಆಗ ದೊಡ್ಡ ಹುಣ್ಣಾಯಿತು. ಸಾಮಂತರು ಮತ್ತೆ ಎದ್ದರು. 1215ರ ಜೂನ್‌ನಲ್ಲಿ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಜಾನ್ ಒಪ್ಪಿದ ಸನ್ನದೇ ಮ್ಯಾಗ್ನಾ ಕಾರ್ಟಾ. ತೀರ್ಮಾನವಿಲ್ಲದೆ ಯಾವ ಸ್ವತಂತ್ರ ಮನುಷ್ಯನನ್ನೂ ಸೆರೆಹಿಡಿಯಬಾರದು, ಅವನ ಸ್ವಾಧೀನ ತಪ್ಪಿಸಬಾರದು ಎನ್ನುವ ಅದರ 39ನೇ ಕಲಮನ್ನು ಎಲ್ಲರೂ ಬಲ್ಲರು.

ದೊಡ್ಡಪ್ಪ ಎತ್ತಿ ತೋರಿಸುತ್ತಿದ್ದದ್ದು 18ನೇ ಕಲಮನ್ನು. ಭೂಮಿಯಿಂದ ಹೊರಹಾಕಿದ ದಾವೆ, ತಂದೆ ಸತ್ತಾಗಿನ ವಾರಸಿಕೆಯ ದಾವೆ ಇವುಗಳ ವಿಚಾರಣೆಗೆ ಅರಸ ತನ್ನ ಇಬ್ಬರು ನ್ಯಾಯಾಧೀಶರನ್ನು ವರ್ಷಕ್ಕೆ ನಾಲ್ಕು ಸಲ ಪ್ರತಿ ಜಿಲ್ಲೆಗೂ ಕಳಿಸಬೇಕು ಎಂದು ಅದರಲ್ಲಿದೆ. ಹೆನ್ರಿಯ ಕೋರ್ಟು ಬೇಡವೆಂದು ಸಾಮಂತರು ಕೇಳಲಿಲ್ಲ. ಅದು ಇನ್ನಷ್ಟು ಸಲ ಬರಲಿ ಎಂದು ಕೇಳಿದರು. ಸನ್ನದು ಜಾರಿಯಾಗುವಂತೆ ನೋಡಿಕೊಳ್ಳಲು ಅವರು ಆರಿಸಿದ ಇಪ್ಪತ್ತೈದು ಜನರಲ್ಲಿ ನಾರ್ಫೋಕ್‌ನ ಅರ್ಲ್ ರೋಜರ್ ಬೈಗಾಡ್ ಒಬ್ಬ, ಅವನ ಮಗ ಇನ್ನೊಬ್ಬ. ಆ ಮಗನಿಗೆ ಇಟ್ಟಿದ್ದದ್ದು ಅಜ್ಜನ ಹೆಸರನ್ನೇ, ಹ್ಯೂ.